ತವರಿನ ನಾಯಿ

ಈ ವಾರ ಮುಧೋಳ ನಾಯಿಯ ಊಟ-ಉಪಚಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ಮೊನ್ನೆ ಸರಸ್ವತಿಪುರಂನಲ್ಲಿ ಹಳೆಯ ಓದುಗರೊಬ್ಬರು ಅಡ್ಡಹಾಕಿ, “ಮಗಳು ಬಾಣಂತನಕ್ಕೆ ಬರ್ತಿದಾಳೆ ಸಾರ್, ನಾಯೀನ ನಂಜನಗೂಡಿನ ತೋಟಕ್ಕೆ ಬಿಟ್ಟುಬಿಡ್ಲಾ?” ಎಂದರು.

ಈ ತೋಟದ ಪಂಥದ ಜೊತೆ ನನ್ನ ಜಗಳ ಹಳೆಯದು. ನಾಯಿಗೆ ಹೊಟ್ಟೆಕಿಚ್ಚು ಎಂಬುದೇ ಅವರ ವೇದವಾಕ್ಯ. ಹೊಟ್ಟೆಕಿಚ್ಚಲ್ಲ ಸ್ವಾಮಿ, ಹೊತ್ತುಗೊತ್ತು ತಪ್ಪಿದ ಕಂಗಾಲು. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕಡೆ ಹೊರಡುತ್ತಿದ್ದ ಯಜಮಾನರು ಬಾಣಂತಿಯ ಬಿಸಿನೀರಿಗೆ ಓಡಾಡುತ್ತಿದ್ದರೆ ಅದು ಏನೆಂದುಕೊಳ್ಳಬೇಕು? ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ ಆತಕೂರು ಇಲ್ಲೇ ಮದ್ದೂರು ತಾಲ್ಲೂಕಿನಲ್ಲಿದೆ. ಅಂಥ ಸೀಮೆಯವರು ನಾವು, ಕೂಸು ಬಂತೆಂದು ನಾಯಿ ಸಾಗಹಾಕುವುದೇ?

ಇನ್ನು ವಿಡಿಯೊ ಪಂಡಿತರು. ಆಸ್ಪತ್ರೆಯಿಂದ ಮಗುವಿನ ಬಟ್ಟೆ ಮೊದಲೇ ತಂದು ಮೂಸಲು ಕೊಡಿ ಅನ್ನುತ್ತಾರೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಎಣ್ಣೆ-ನೀರು, ಬಜೆ, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ ಎಲ್ಲ ಸೇರಿದ ಮೇಲೆ ಆ ಬಟ್ಟೆಯ ವಾಸನೆ ಎಲ್ಲಿ ಉಳಿಯಿತು? ಅದಕ್ಕೇ ನನ್ನ ಪದ್ಧತಿ ಬೇರೆ: ಹೆರಿಗೆಗೆ ತಿಂಗಳು ಮುಂಚೆಯೇ ಸಂಜೆ ಸಾಂಬ್ರಾಣಿ ಹಾಕಲು ಶುರುಮಾಡಿ, ಬಾಣಂತಿ ಕೋಣೆಯ ಹೊಸಿಲಾಚೆ ಮಲಗುವುದನ್ನು ಆಗಲೇ ರೂಢಿ ಮಾಡಿಸಿ. ಕೂಸು ಬಂದ ದಿನವೇ ಬಾಗಿಲು ಮುಚ್ಚಿದರೆ ಕೂಸಿನ ಮೇಲೇ ತಪ್ಪು ಹೊರಿಸಿದಂತೆ.

ಪಂಚತಂತ್ರದ ಮುಂಗುಸಿ ಕಥೆ ನನಗೆ ಬಹಳ ಇಷ್ಟ. ತೊಟ್ಟಿಲ ಬಳಿ ಬಂದ ಹಾವನ್ನು ಸಾಕಿದ ಮುಂಗುಸಿ ಕಚ್ಚಿ ಕೊಲ್ಲುತ್ತದೆ. ಬಾಯಿಗೆ ಮೆತ್ತಿದ ರಕ್ತ ಕಂಡು, ಮಗುವನ್ನೇ ತಿಂದಿತೆಂದು ಮನೆಯವರು ಅದನ್ನು ಕೊಂದುಬಿಡುತ್ತಾರೆ. ಮೇಷ್ಟರುಗಳೆಲ್ಲ ಇದರಲ್ಲಿ ದುಡುಕಿನ ನೀತಿ ಹುಡುಕುತ್ತಾರೆ. ನನಗೆ ಏಳುವ ಪ್ರಶ್ನೆ ಒಂದೇ: ಕೂಸು, ಮುಂಗುಸಿ ಎರಡನ್ನೇ ಬಿಟ್ಟು ದೊಡ್ಡವರೆಲ್ಲ ಎಲ್ಲಿ ಹೋಗಿದ್ದರು? ಎಷ್ಟೇ ಸಾಧು ನಾಯಿಯಾದರೂ ಆ ತಪ್ಪು ಮಾಡಬೇಡಿ.

ಹೇಳಹೊರಟಿದ್ದು ಇಷ್ಟೇ. ಆದರೆ ಬರೆಯುತ್ತ ನಮ್ಮ ಗುಂಡ ನೆನಪಾದ. ಕೂಸು ಬರುವುದಕ್ಕೆ ನಾಯಿಯನ್ನು ಹೇಗೆ ಸಜ್ಜುಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ತವರಿನ ನಾಯಿಯ ಕಷ್ಟ ಅದಲ್ಲ. ಐದನೇ ತಿಂಗಳಿಗೆ ಮಗಳು ಕೂಸನ್ನೆತ್ತಿಕೊಂಡು ಬೆಂಗಳೂರಿಗೆ ಹೊರಟುಹೋದಳು. ತನ್ನನ್ನು ಆಡಿಸಿ ಬೆಳೆಸಿದ ಹುಡುಗಿಯನ್ನು ಗುಂಡ ಒಮ್ಮೆ ಮದುವೆಗೆ ಕಳೆದುಕೊಂಡಿದ್ದ. ಈ ಸಲ ಇಬ್ಬರನ್ನೂ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಹೊಸಿಲು ದಾಟಬಾರದೆಂದು ಕಲಿತಿದ್ದವನು ದಾಟಲೇ ಇಲ್ಲ. ಖಾಲಿ ಕೋಣೆಯ ಬಾಗಿಲಲ್ಲೇ ಮಲಗುತ್ತಿದ್ದ. ಒಂದು ಶುಕ್ರವಾರ ಸಂಜೆ ನನ್ನಾಕೆ ದೇವರ ಮುಂದೆ ಸಾಂಬ್ರಾಣಿ ಹಾಕಿದಳು. ಎದ್ದವನೇ ಒಳಗೆ ನುಗ್ಗಿ, ತೊಟ್ಟಿಲ ಕೊಕ್ಕೆಯ ಕೆಳಗೆ ನಿಂತು ತಲೆಯೆತ್ತಿದ.

ಆ ಓದುಗರಿಗೆ ಇದನ್ನು ಹೇಳಲಿಲ್ಲ. ರೇಬಿಸ್ ಲಸಿಕೆ, ಜಂತುಹುಳದ ಮಾತ್ರೆ ಬಾಕಿಯಿದ್ದರೆ ಈಗಲೇ ಮುಗಿಸಿಕೊಳ್ಳಿ ಎಂದಷ್ಟೇ ಹೇಳಿದೆ. ಮುಧೋಳ ಮುಂದಿನ ವಾರ.