ಕಿಡ್ಯೊ ಬೆನ್ನಿನ ಗೆರೆ

ಇಟಲಿಯ ಕಾರ್ನಿವಲ್ ತಿಂಡಿಗಳಿಗೆ ಲೋಕದ ತುಂಬ ಹೆಸರಿದೆ. ತೆಳ್ಳಗೆ ಲಟ್ಟಿಸಿ ಪಟ್ಟಿ ಕತ್ತರಿಸಿ ಕರಿಯುವ ಕಿಯಾಕ್ಕಿಯೆರೆ, ವೆನಿಸ್ಸಿನ ಒಣದ್ರಾಕ್ಷಿಯ ಫ್ರಿತೊಲೆ, ಜೇನಿನಲ್ಲಿ ಹೊರಳಿಸಿದ ಕಾಳಿನಂಥ ಉಂಡೆಗಳ ಚಿಚೆರ್ಕಿಯಾತ, ಇವನ್ನು ಹಾಡಿ ಹೊಗಳುವವರಿಗೆ ಕೊರತೆಯಿಲ್ಲ. ನಾಟಕಕಾರ ಗೊಲ್ದೋನಿ 1756ರ ತನ್ನ ‘ಇಲ್ ಕಂಪಿಯೆಲ್ಲೊ’ ನಾಟಕದಲ್ಲಿ ಫ್ರಿತೊಲೆ ಮಾರುವ ಹೆಂಗಸಿಗೊಂದು ಪಾತ್ರವನ್ನೇ ಕೊಟ್ಟ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕರಿಯುವ ಕಿಡ್ಯೊಗೆ ಅಂಥ ಭಾಗ್ಯ ಬರಲಿಲ್ಲ. ಅಡುಗೆಯ ಬಗ್ಗೆ ಬರೆಯುವವರು ಅದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಗುಂಪಿನ ಒಂದು ತಿಂಡಿ, ಪೋರ್ಚುಗೀಸರ ಬಳುವಳಿ. ಈ ಸಾಲಿನ ಎರಡನೆಯ ಅರ್ಧ ದುರ್ಬಲವಾದದ್ದು, ಮೊದಲನೆಯ ಅರ್ಧ ಸೋಮಾರಿತನದ್ದು. ಕಸುಬಿನ ದೃಷ್ಟಿಯಿಂದ ಕಿಡ್ಯೊ ಕಿಯಾಕ್ಕಿಯೆರೆಗಿಂತ ಮೇಲಿನದು.

ಹಿಟ್ಟಿನಿಂದಲೇ ನೋಡಬೇಕು. ಮೈದಾ, ಕೆಲವರಲ್ಲಿ ಸ್ವಲ್ಪ ಚಿರೋಟಿ ರವೆ, ಉಪ್ಪು, ಚೂರು ಸಕ್ಕರೆ. ಕಲಸುವುದು ಕಾಯಿಯ ದಪ್ಪ ಹಾಲಿನಲ್ಲಿ. ಮೊಟ್ಟೆ ಹಾಕುವ ಮನೆಗಳೂ ಇವೆ. ಇಟಲಿಯವರು ಹಿಟ್ಟಿಗೆ ಬೆಣ್ಣೆ, ಮೊಟ್ಟೆಯ ಜೊತೆ ಗ್ರಾಪ್ಪವನ್ನೋ ಬಿಳಿ ವೈನನ್ನೋ ಸೇರಿಸುತ್ತಾರೆ. ಮದ್ಯಸಾರ ನೀರಿಗಿಂತ ಬೇಗ, 78 ಡಿಗ್ರಿಯಲ್ಲೇ ಆವಿಯಾಗುವುದರಿಂದ ಎಣ್ಣೆಗೆ ಬಿದ್ದ ಹಾಳೆ ಗುಳ್ಳೆ ಗುಳ್ಳೆಯಾಗಿ ಉಬ್ಬಿ ಗರಿಯಾಗುತ್ತದೆ. ಚೆಂದದ ಉಪಾಯವೇ. ಕಿಡ್ಯೊದಲ್ಲಿ ಅದೇ ಹೊಣೆಯನ್ನು ಕಾಯಿಹಾಲಿನ ಜಿಡ್ಡು ಬೇರೆ ದಾರಿಯಿಂದ ಹೊರುತ್ತದೆ. ಮೈದಾದ ಅಂಟನ್ನು ಅದು ತಡೆದು ಹಿಡಿಯುತ್ತದೆ. ಹಾಲು ದಪ್ಪ ಹೆಚ್ಚಾದರೆ ಸುರುಳಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ನೀರು ಹೆಚ್ಚಾದರೆ ಹಲ್ಲು ಮುರಿಯುವಷ್ಟು ಗಟ್ಟಿ. ಈ ಅಳತೆ ಯಾವ ಪುಸ್ತಕದಲ್ಲೂ ಇರಲಾರದು, ಯಾಕೆಂದರೆ ಒಂದು ಕಾಯಿಯ ಹಾಲು ಇನ್ನೊಂದು ಕಾಯಿಯ ಹಾಲಿನಂತಿರುವುದಿಲ್ಲ. ಕಲಸುವವಳ ಕೈಗೇ ಅದು ಗೊತ್ತಾಗಬೇಕು.

ಇನ್ನು ಹಿಟ್ಟಿಗೆ ಆಕಾರ ಕೊಡುವ ಬಾಚಣಿಗೆ. ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ, ಇಲ್ಲವೇ ಫೋರ್ಕಿನ ಬೆನ್ನ ಮೇಲೆ, ಗೋಲಿಯಷ್ಟು ಹಿಟ್ಟಿಟ್ಟು ಹೆಬ್ಬೆರಳಿನಿಂದ ಒತ್ತಿ ಜಾರಿಸಿದರೆ ಅದು ತೆಳುವಾಗಿ ಹರಡಿ, ತನ್ನಷ್ಟಕ್ಕೇ ಸುರುಳಿಯಾಗಿ, ಬೆನ್ನ ಮೇಲೆ ಗೆರೆ ಹೊತ್ತು ಉರುಳುತ್ತದೆ. ಈ ಗೆರೆಯನ್ನು ಅಲಂಕಾರವೆಂದು ಬರೆಯುವುದು ರೂಢಿ. ಎಂಥ ಅನ್ಯಾಯ! ಒತ್ತುವ ಆ ಒಂದು ಚಲನೆಯಲ್ಲಿ ಗಟ್ಟಿ ಗೋಲಿ ತೆಳು ಗೋಡೆಯ ಟೊಳ್ಳಾಗುತ್ತದೆ. ಎಣ್ಣೆ ಒಳಗೂ ಹೊರಗೂ ಆಡುತ್ತದೆ. ಹೊರಗೆ ಕೆಂಪೇರುವ ಹೊತ್ತಿಗೆ ಒಳಗೂ ಬೆಂದಿರುತ್ತದೆ. ಆಮೇಲೆ ಗಟ್ಟಿ ಪಾಕಕ್ಕೆ ಸುರಿದು ಬಿಡದೆ ಮಗುಚಿದಾಗ ಸಕ್ಕರೆ ಬೆಳ್ಳಗೆ ಹರಳುಗಟ್ಟಿ ಆ ಗೆರೆಗಳಲ್ಲೇ ಕಚ್ಚಿ ಕೂರುತ್ತದೆ. ನುಣುಪಾದ ಮೈಯಾಗಿದ್ದರೆ ಎರಡನೇ ದಿನಕ್ಕೆ ಪಾಕ ಚಕ್ಕೆಯಾಗಿ ಡಬ್ಬದ ತಳ ಸೇರುತ್ತಿತ್ತು. ಕಿಯಾಕ್ಕಿಯೆರೆಯ ಮೇಲೆ ಉದುರಿಸುವ ಸಕ್ಕರೆ ಪುಡಿಯನ್ನು ನೇತ್ರಾವತಿಯ ದಂಡೆಯ ತೇವದ ಗಾಳಿಯಲ್ಲಿ ಇಟ್ಟು ನೋಡಿ: ಸಂಜೆಯೊಳಗೆ ಪುಡಿ ಕರಗಿ ಹಾಳೆ ಮೆತ್ತಗಾಗುತ್ತದೆ. ಕಿಡ್ಯೊದ ಪಾಕ ಹೊದಿಕೆಯೂ ಹೌದು, ಕಾವಲೂ ಹೌದು. ಡಬ್ಬದಲ್ಲಿ ಅದು ವಾರಗಟ್ಟಲೆ ಗರಿಗರಿಯಾಗಿರುತ್ತದೆ.

ಈಗ ಬಳುವಳಿಯ ಮಾತು. ಪೋರ್ಚುಗಲ್ಲಿನಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಫಿಲ್ಯೋಸ್ ಎಂರೊಲಾದಸ್ ಕಿಡ್ಯೊದ ತಾಯಿ ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿ ಬರೆಯುತ್ತಾರೆ. ಬರೆಯುವವರು ಕೈಯನ್ನು ನೋಡಿಲ್ಲ. ಅಲ್ಲಿ ಉದ್ದನೆಯ ತೆಳು ಹಿಟ್ಟಿನ ಪಟ್ಟಿಯನ್ನು ಫೋರ್ಕಿಗೆ ಸುತ್ತುತ್ತ ಬಿಸಿ ಎಣ್ಣೆಯಲ್ಲೇ ಹೂವಿನ ಹಾಗೆ ಅರಳಿಸುತ್ತಾರೆ. ಲಟ್ಟಿಸುವುದು, ಸುತ್ತುವುದು ಅಲ್ಲಿಯ ಕೆಲಸ. ಒತ್ತುವುದು, ಜಾರಿಸುವುದು ಇಲ್ಲಿಯದು. ಎರಡರಲ್ಲೂ ಫೋರ್ಕ್ ಇದೆ ಎಂಬುದಷ್ಟೇ ನಂಟು. ಹಾಗಾದರೆ ಗ್ನೊಕ್ಕಿ ಎಂಬ ಇಟಲಿಯ ಹಿಟ್ಟಿನುಂಡೆ? ಅದರ ಬೆನ್ನಲ್ಲೂ ಗೆರೆ ಇದೆ, ಇಟಲಿಯ ಜೆಸುವಿತರು ಮಂಗಳೂರಿಗೆ ಬಂದೂ ಇದ್ದಾರೆ ಎಂದು ವಾದಿಸುವವರಿದ್ದಾರೆ. ವೆನಿಸ್ ಪ್ರಾಂತದ ಆ ಪಾದ್ರಿಗಳು ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಅವರಿಂದ ನಮಗೆ ಬಂದದ್ದು ಸಣ್ಣದಲ್ಲ: 1880ರ ಸಂತ ಅಲೋಶಿಯಸ್ ಕಾಲೇಜು, ಮಾಫ್ಫೇಯಿಯ ಕೊಂಕಣಿ ವ್ಯಾಕರಣ ಮತ್ತು ನಿಘಂಟು, ಮೊಸ್ಕೇನಿಯ ಚಿತ್ರಗಳು. ಆದರೆ ಪಾದ್ರಿಗಳ ಊಟದ ಕೋಣೆಯಿಂದ ಬಂಟ್ವಾಳ ಸೀಮೆಯ ಅಗ್ರಾರಿನ ಅಥವಾ ಮೊಡಂಕಾಪಿನ ಗೃಹಿಣಿಯ ಬಾಣಲೆಗೆ ದಾರಿ ಯಾವುದು ಎಂಬುದನ್ನು ಯಾರೂ ತೋರಿಸಿಲ್ಲ. ಬಂಟ್ವಾಳದ ಲೊರೆಟ್ಟೊ ಇಟಲಿಯ ಊರಿನ ಹೆಸರು ಹೊತ್ತಿದೆ ಎಂದ ಮಾತ್ರಕ್ಕೆ ಅಲ್ಲಿಯ ತಿಂಡಿ ಇಟಲಿಯದಾಗುವುದಿಲ್ಲ.

ನಿಜವಾದ ಸೋದರ ಬೇಕಿದ್ದರೆ ಕಲಾಬ್ರಿಯದ ತುರ್ದಿಲ್ಲಿಯನ್ನು ನೋಡಬೇಕು. ಹಿಟ್ಟಿನ ತುಂಡನ್ನು ಬುಟ್ಟಿಯ ಹೆಣಿಗೆಯ ಮೇಲೆ ಒತ್ತಿ ಉರುಳಿಸಿ, ಕರಿದು, ಜೇನಿನಲ್ಲಿ ಅದ್ದುತ್ತಾರೆ. ಚಲನೆ ಪೂರ್ತಿ ಅದೇ. ಅವರಿಗೂ ನಮಗೂ ನಂಟಸ್ತನವಿಲ್ಲ. ಒಂದೇ ತೊಡಕಿಗೆ ಎರಡು ಕರಾವಳಿಯ ಹೆಂಗಸರು ಒಂದೇ ಪರಿಹಾರ ಕಂಡುಕೊಂಡರು ಎಂದು ಒಪ್ಪಲು ನಮ್ಮ ಬರಹಗಾರರಿಗೆ ಯಾಕಿಷ್ಟು ಕಷ್ಟ? ಬುದ್ಧಿ ಹಡಗಿನಲ್ಲೇ ಬರಬೇಕೆಂಬ ನಂಬಿಕೆ ಅವರನ್ನು ಇನ್ನೂ ಬಿಟ್ಟಿಲ್ಲ.

ಅಖಂಡ ಬಳುವಳಿ ಎನ್ನುವವರು ಇನ್ನೊಂದನ್ನೂ ದಾಟಿ ಹೋಗುತ್ತಾರೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಈ ಕೊಂಕಣಿ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು. ಹಿಡಿದದ್ದು ವಿಭೂತಿ ಬುಧವಾರದಂದು ಎಂದು ಸಮುದಾಯ ನೆನಪಿಟ್ಟುಕೊಂಡಿದೆ, ಕಾರ್ನಿವಲ್ ಮುಗಿದ ಮರುದಿನ. ಇಗರ್ಜಿಗಳು ಉರುಳಿದವು, ಮೂಡಬಿದಿರೆ ಸೀಮೆಯ ಹೋಲಿಕ್ರಾಸ್ ಇಗರ್ಜಿ ಉಳಿದದ್ದು ಚೌಟ ಅರಸರ ಸ್ನೇಹದಿಂದ ಎನ್ನುತ್ತದೆ ಚರಿತ್ರೆ. 1799ರ ನಂತರ ಮರಳಿದವರು ಒಲೆಯನ್ನು ಹೊಸದಾಗಿ ಹೂಡಬೇಕಾಯಿತು. ಕೈಗೆ ಸಿಕ್ಕದ್ದು ತೆಂಗು. ಕಿಡ್ಯೊದ ಹಿಟ್ಟು ನನಗೆ ಆ ಒಲೆಯದಾಗಿ ಕಾಣುತ್ತದೆ.

ಫ್ರಿತೊಲೆಯ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬಾಣಲೆಯಿಂದ ತೆಗೆದ ಕೂಡಲೇ, ನಿಂಬೆಸಿಪ್ಪೆಯ ಪರಿಮಳ ಹೋಗುವ ಮುನ್ನ ತಿಂದರೆ ಅದಕ್ಕೆ ಸಮ ಕಡಿಮೆ. ಕಿಡ್ಯೊದ ಸಿಹಿ ಏಕತಾನದ್ದು ಎಂಬುದೂ ಸರಿ. ಬೇಕರಿ ಪೆಟ್ಟಿಗೆಯ ಕುಸ್ವಾರಿನಲ್ಲಿ ಬರುವ, ಟೊಳ್ಳಿಲ್ಲದ, ತೆಂಗಿನೆಣ್ಣೆ ಕಾಣದ ಕಿಡ್ಯೊವನ್ನು ಸಮರ್ಥಿಸುವ ಮನಸ್ಸೂ ನನಗಿಲ್ಲ. ಆದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಕರೆಜ್ಮ್ ಹಿಡಿಯುವ ಮುನ್ನಾದಿನ ಮನೆಯಲ್ಲಿ ಕಾರ್ನಿವಲ್ ಊಟ ಹೂಡುವವರು, ನೇಪಲ್ಸಿನ ಲಸಾನ್ಯದ ಹಿಂದೆ ಬೀಳುವ ಬದಲು ಹಂದಿ ಮಾಂಸದ ದುಕ್ರಾಮಾಸ್, ಅಕ್ಕಿಯ ಸಾನ್ನಾಂ ಬಡಿಸಲಿ. ಇಟಲಿಯದೇ ಬೇಕಿದ್ದರೆ ಫ್ರಿತೊಲೆಯನ್ನು ಬಿಸಿಬಿಸಿಯಾಗಿ ಕರಿಯಲಿ, ಕಿಯಾಕ್ಕಿಯೆರೆಯನ್ನು ಒಣ ಹವೆಯ ಊರಿನವರಿಗೆ ಬಿಡಲಿ. ಡಿಸೆಂಬರಿಗೆ ಕಟ್ಟಿಹಾಕಿದ ಕಿಡ್ಯೊವನ್ನು ಆ ಮಂಗಳವಾರವೂ ಒತ್ತಲಿ, ತೆಂಗಿನೆಣ್ಣೆಯಲ್ಲಿ, ಮಂದ ಉರಿಯಲ್ಲಿ.