ಕೆರೆಗೆ ಹಾರ: ಕಾಮಗಾರಿಯ ಹಾಡಾಗಿ

ನಮ್ಮ ಜನಪದ ಕಥನಗೀತಗಳಲ್ಲಿ ‘ಗೋವಿನ ಹಾಡ’ನ್ನು ಬಿಟ್ಟರೆ ‘ಕೆರೆಗೆ ಹಾರ’ದಷ್ಟು ಮನೆಮಾತಾದದ್ದು ಮತ್ತೊಂದಿಲ್ಲ ಎಂದರೆ ತಪ್ಪಾಗಲಾರದು. ಶಾಲೆಯ ಪಾಠವಾಗಿ ಓದಿದವರು ಅನೇಕರು. ರಂಗದ ಮೇಲೆ ಕಂಡವರೂ ಉಂಟು. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರು ಇದೇ ಕಥೆಯನ್ನು 2012ರಲ್ಲಿ ‘ಭಾಗೀರಥಿ’ ಎಂಬ ಚಲನಚಿತ್ರವನ್ನಾಗಿಸಿದರು. ನೀರಿಗಾಗಿ ನೆಲವನ್ನು ಅಗೆಯುತ್ತಲೇ ಬಂದ ಸೀಮೆಯವರಿಗೆ ಈ ಕಥೆ ಹತ್ತಿರವಾದದ್ದು ಸಹಜವೇ.

ಈ ಹಾಡಿನ ಬಗೆಗೆ ಬಂದ ವಿಮರ್ಶೆ ಬಹುಮಟ್ಟಿಗೆ ಎರಡು ದಾರಿ ಹಿಡಿದಿದೆ. ಒಂದು, ಊರಿಗಾಗಿ ಪ್ರಾಣವಿತ್ತ ಭಾಗೀರಥಿಯ ತ್ಯಾಗವನ್ನು ಕೊಂಡಾಡುವುದು. ಇನ್ನೊಂದು, ಅದು ತ್ಯಾಗವಲ್ಲ, ಹೆಣ್ಣಿನ ಮೇಲೆ ಹೇರಿದ ಬಲಿ ಎಂದು ಖಂಡಿಸುವುದು. ಎರಡನೆಯದು ಸತ್ಯಕ್ಕೆ ಹೆಚ್ಚು ಹತ್ತಿರ. ಆದರೆ ಇಬ್ಬರೂ ಗಮನಿಸದ ಒಂದು ಸಾಮಾನ್ಯ ಸಂಗತಿಯಿದೆ. ಇದು ಮೂಲತಃ ಒಂದು ಕಾಮಗಾರಿಯ ಹಾಡು. ಕೆರೆಯೊಂದನ್ನು ಅಗೆಸಿದ್ದಾರೆ, ನೀರು ಬಿದ್ದಿಲ್ಲ. ಕೆಲಸ ಕೈಗೂಡದಿದ್ದಾಗ ಅದರ ಬೆಲೆಯನ್ನು ಯಾರು ತೆರಬೇಕು ಎಂಬುದೇ ಹಾಡಿನ ವಸ್ತು.

ಹಾಗೆ ನೋಡಿದರೆ ಜನಪದ ಕವಿಯ ಕಣ್ಣು ಎಷ್ಟು ಚುರುಕೆಂಬುದು ತಿಳಿಯುತ್ತದೆ. ಕೆರೆ ಅಗೆಸಿದವನು ಕಲ್ಲನಕೇರಿಯ ಮಲ್ಲನಗೌಡ. ಶಾಸ್ತ್ರ ಕೇಳಿದಾಗ ಬಂದ ಉತ್ತರ, ಹಿರಿಯ ಸೊಸೆಯನ್ನು ಕೊಡಬೇಕೆಂಬುದು. ಆದರೆ ಹಿರಿಯವಳು ಹೋದರೆ ಮನೆಯ ಹಿರಿತನ ನಡೆಸುವವರಾರು? ಆದ್ದರಿಂದ ಕಿರಿಯವಳು ಆಗಬಹುದು ಎಂದು ತೀರ್ಮಾನ. ಶಾಸ್ತ್ರವನ್ನು ಕೂಡ ಇಲ್ಲಿ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಂಡಿದ್ದಾರೆ! ನಿರ್ಧರಿಸುವವನು ಒಬ್ಬ, ಸಾಯುವವಳು ಒಬ್ಬಳು. ಯಾರಿಲ್ಲದಿದ್ದರೂ ಮನೆ ನಡೆಯುವುದೋ ಅವರನ್ನೇ ಅಪಾಯದ ಬಾಯಿಗೆ ಕಳುಹಿಸುವುದು. ಇಂದಿನ ಯಾವ ಕಟ್ಟಡದ ಕೆಲಸದಲ್ಲಾದರೂ ಎತ್ತರದ ಸಾರುವೆ ಏರುವವನು, ಆಳದ ಪಾಯಕ್ಕೆ ಇಳಿಯುವವನು ಯಾರೆಂದು ವಿಚಾರಿಸಿ ನೋಡಿ. ಮಲ್ಲನಗೌಡನ ತರ್ಕ ಇನ್ನೂ ಸತ್ತಿಲ್ಲ.

ಈ ಕಥೆ ನಮ್ಮೊಬ್ಬರದೇ ಅಲ್ಲ. ಸೆರ್ಬಿಯದ ಹಾಡೊಂದರಲ್ಲಿ ಸ್ಕದರ್ ಕೋಟೆ ನಿಲ್ಲಲೆಂದು ಮೂವರು ಸೋದರರಲ್ಲಿ ಕಿರಿಯವನ ಹೆಂಡತಿಯನ್ನು ಗೋಡೆಯೊಳಗಿಟ್ಟು ಕಟ್ಟುತ್ತಾರೆ. ಗ್ರೀಕರ ಆರ್ತಾ ಸೇತುವೆಯ ಹಾಡೂ, ರುಮೇನಿಯದ ಮಾನೊಲೆಯ ಹಾಡೂ ಇದೇ ಜಾತಿಯವು. ಆದರೆ ಒಂದು ಭೇದವಿದೆ. ಅಲ್ಲಿನ ಹಾಡುಗಳಲ್ಲಿ ಕಟ್ಟುವವರ ಕೈ, ಕಲ್ಲು, ಗಾರೆ ಎಲ್ಲವೂ ಕಾಣುತ್ತವೆ. ಮಾನೊಲೆಯಂತೂ ಸ್ವತಃ ಗೌಂಡಿ. ನಮ್ಮ ಹಾಡಿನಲ್ಲಿ ಕೆರೆ ಅಗೆಸಿದವನ ಹೆಸರಿದೆಯೇ ಹೊರತು ಅಗೆದವರ ಸುಳಿವಿಲ್ಲ. ಗುದ್ದಲಿ ಹಿಡಿದ ಭೋವಿ ಜನ ಎಲ್ಲಿ ಹೋದರು? ಏರಿಯ ಮಣ್ಣು ಕುಸಿದು ಅವರಲ್ಲೊಬ್ಬ ಸತ್ತಿದ್ದರೆ ಹಾಡು ಹುಟ್ಟುತ್ತಿತ್ತೆ? ಗೌಡರ ಸೊಸೆ ಸತ್ತರೆ ಹಾಡಾಗುತ್ತದೆ. ಕೂಲಿಯವನು ಸತ್ತರೆ ಅದು ಲೆಕ್ಕದ ಪುಸ್ತಕದಲ್ಲೂ ಉಳಿಯುವುದು ಅಪರೂಪ. ಇದು ಈ ಗೀತದ ಕೊರತೆ; ನಮ್ಮ ಸಾಹಿತ್ಯದ ಕೊರತೆಯೂ ಹೌದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲಿಗೆ ಹೋದವರಿಗೆ ಈ ಮಾತು ಅತಿಯೆನಿಸದು. ಇಲ್ಲಿ ಮೇಲಿನ ಮಣ್ಣು, ಕೊಳೆಗಲ್ಲು ಕಳೆದರೆ ಕೆಳಗೆ ಗಟ್ಟಿ ಬಂಡೆ. ಕಪಿಲೆ ಬಾವಿಗಳ ಕಾಲ ಮುಗಿದು ಪಂಪು ಬಂದ ಮೇಲೆ ನೀರು ಇಳಿಯಿತು. ನೀರು ಇಳಿದಂತೆ ಬಾವಿಯನ್ನು ಇನ್ನಷ್ಟು ಆಳ ಮಾಡಬೇಕಾಯಿತು. ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿ ಹೊತ್ತಿಸಿ ಮೇಲೇರುವುದು. ಹೊಗೆ ಆರುವ ಮೊದಲೇ ಇಳಿದು ಕಲ್ಲು ಎತ್ತುವುದು. ಸಿಡಿಯದೆ ಉಳಿದ ಮದ್ದಿನ ಮೇಲೆ ಪಿಕಾಸಿ ಬಿದ್ದರೆ ಮುಗಿಯಿತು. ಬದಿಯ ಸಡಿಲ ಮಣ್ಣಿಗೆ ಆಸರೆ ಕೊಡದಿದ್ದರೆ ಮೊದಲ ಮಳೆಗೇ ಕುಸಿತ. ಬಹುಕಾಲ ಮುಚ್ಚಿದ್ದ ಬಾವಿಯ ತಳದಲ್ಲಿ ಉಸಿರಾಡಲಾಗದ ಗಾಳಿ ತುಂಬಿರುತ್ತದೆ. ಹಳಬರು ಇಳಿಯುವ ಮುನ್ನ ದೀಪವೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದುದು ಇದಕ್ಕಾಗಿಯೇ. ಆದರೆ ದೀಪ ಉರಿದ ಮಾತ್ರಕ್ಕೆ ಗಾಳಿ ಒಳ್ಳೆಯದೆನ್ನಲಾಗದು. ತಳದಲ್ಲಿ ಎಂಜಿನ್ ಇಟ್ಟು ನೀರೆತ್ತುವಾಗ ತುಂಬುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪವನ್ನು ಅದು ಆರಿಸುವುದೂ ಇಲ್ಲ.

ಇಲ್ಲಿ ಹಾಡಿನ ಕೊನೆಯನ್ನು ನೆನೆಯಬೇಕು. ದಂಡಿನಲ್ಲಿದ್ದ ಮಾದೇವರಾಯ ಕೆಟ್ಟ ಕನಸು ಕಂಡು ಬರುತ್ತಾನೆ. ನಿಜ ತಿಳಿದು ತಾನೂ ಕೆರೆಗೆ ಹಾರುತ್ತಾನೆ. ರಸಿಕರು ಇದನ್ನು ಪ್ರೇಮದ ಪರಾಕಾಷ್ಠೆ ಎಂದಿದ್ದಾರೆ. ಇರಬಹುದು. ಆದರೆ ಬಾವಿ ಬಲ್ಲವರಿಗೆ ಈ ಎರಡನೆಯ ಸಾವು ಬೇರೊಂದನ್ನು ನೆನಪಿಗೆ ತರುತ್ತದೆ. ಕೆಳಗೆ ಬಿದ್ದವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನ ಹಿಂದೆ ಮಗ. ಒಂದರ ಮೇಲೊಂದು ಹೆಣ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದಿತ್ತು. ಪ್ರೀತಿ ಒಂದರಿಂದಲೇ ಜೀವ ಉಳಿಯದು. ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೆ ಒಬ್ಬ, ಕೆಳಗೆ ಒಳ್ಳೆಯ ಗಾಳಿ ಊದುವ ವ್ಯವಸ್ಥೆ ಬೇಕು.

ಹಾಡಿನ ಅತ್ಯಂತ ಸೂಕ್ಷ್ಮವಾದ ಭಾಗ ಮರೆತುಬಂದ ಬಂಗಾರದ ಬಟ್ಟಲಿನದು. ಭಾಗೀರಥಿಗೆ ‘ಹೋಗಿ ಸಾಯಿ’ ಎಂದು ಯಾರೂ ಹೇಳುವುದಿಲ್ಲ. ಬಟ್ಟಲು ಉಳಿದಿದೆ, ತಂದುಕೊಡು ಎನ್ನುತ್ತಾರೆ, ಅಷ್ಟೆ. ಅವಳಿಗೆ ಎಲ್ಲವೂ ಗೊತ್ತು, ಗೊತ್ತಿದ್ದೇ ಹೋಗುತ್ತಾಳೆ. ಅದಕ್ಕೆ ಮುಂಚೆ ತವರಿಗೆ ಹೋಗಿ ತಂದೆತಾಯಿಗಳಿಗೂ ನಿಜ ಹೇಳದೆ, ಗೆಳತಿಯೊಬ್ಬಳಿಗೆ ಮಾತ್ರ ಹೇಳಿ ಬಂದಿದ್ದಾಳೆ. ಬಾವಿಗೆ ಇಳಿಯುವವನಿಗೂ ಗೊತ್ತಿರುತ್ತದೆ. ‘ಬದಿ ಸಡಿಲವಾಗಿದೆ ಸ್ವಾಮಿ’ ಎನ್ನಲು ಬಾಯಿ ಬಾರದು. ಎಂದರೆ ನಾಳೆ ಕೂಲಿಯಿಲ್ಲ. ಮೇಸ್ತ್ರಿಯೂ ಸಾಯೆನ್ನುವುದಿಲ್ಲ; ‘ಇನ್ನೆರಡು ಮಂಕರಿ ಮಣ್ಣು ಇದೆ, ಎತ್ತಿಬಿಡು’ ಎನ್ನುತ್ತಾನೆ. ಒಂದೊಂದೇ ಮೆಟ್ಟಿಲಿಗೆ ನೀರೇರುವ ಆ ಪ್ರಸಿದ್ಧ ಭಾಗವನ್ನು ಈ ಬೆಳಕಿನಲ್ಲಿ ಓದಿದರೆ, ಅಪಾಯ ಒಮ್ಮೆಲೇ ಬರದೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆಂಬ ಅರ್ಥವೂ ಹೊಳೆಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಅವಳನ್ನು ಹಿಂದಕ್ಕೆ ಕರೆಯಬಹುದಿತ್ತು, ಕರೆಯುವವರಿರಲಿಲ್ಲ.

ಅಪಾಯವನ್ನು ವಿಧಿಯೆಂದು ಒಪ್ಪದೆ ಅಭ್ಯಸಿಸಿದ ನಿದರ್ಶನವೂ ನಮ್ಮ ನಾಡಿನಲ್ಲಿದೆ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆ ತಾನೇ ಸಿಡಿದು ಜನ ಸಾಯುತ್ತಿದ್ದರು. ಆ ಸಿಡಿತದ ಕಂಪನಗಳನ್ನು ಯಂತ್ರಗಳಿಂದ ಅಳೆದು ತಿಳಿಯುವ ಕೆಲಸ ಅಲ್ಲಿ ನಡೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಹುಟ್ಟಿತು. ಗಣಿ 2001ರಲ್ಲಿ ಮುಚ್ಚಿತು, ವಿದ್ಯೆ ಉಳಿಯಿತು. ಆದರೆ 1952ರ ಗಣಿ ಕಾಯ್ದೆ ರೈತನ ಬಾವಿಯನ್ನು ಗಣಿಯೆಂದು ಎಣಿಸಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಜನರಿಗಿಂತ ಕಡಮೆಯಿದ್ದ ಕೆಲಸವನ್ನು ಹೊರಗಿಟ್ಟಿತು. ನಾಲ್ವರು ತೋಡುವ ಬಾವಿ ಇವೆರಡರ ನಡುವೆ ಬಿದ್ದುಹೋಯಿತು.

ಈಗ ತೆರೆದ ಬಾವಿಗಳು ಒಣಗಿ ಕೊಳವೆಬಾವಿಗಳು ಬಂದಿವೆ. ನೀರು ಸಿಗದ ಕೊಳವೆಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು, ಕೊರೆಯುವಾಗ ಬೇಲಿ ಹಾಕಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ವಿಧಿಸಿತು. ಆದರೂ 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವೊಂದು ಕೊಳವೆಗೆ ಬಿತ್ತು. ದೈವವಶಾತ್ ಬದುಕಿ ಬಂದಿತು. ಕೆರೆಗೆ ಹಾರ ಕೊಡುವವರು ಈಗಿಲ್ಲ. ಕೊಳವೆಯ ಬಾಯಿ ಮುಚ್ಚದವರು ಇದ್ದಾರೆ.

ಆದ್ದರಿಂದ ಭಾಗೀರಥಿಯ ಹಾಡನ್ನು ಓದುವುದು ಬೇಡವೆನ್ನುತ್ತಿಲ್ಲ. ಅದನ್ನು ಮಕ್ಕಳಿಗೆ ಕಲಿಸುವಾಗ ‘ಎಂಥ ತ್ಯಾಗ!’ ಎಂದು ನಿಲ್ಲಿಸದೆ, ‘ಕೆರೆ ತೋಡಿದವರು ಯಾರು? ಅವಳನ್ನು ಹಿಂದಕ್ಕೆ ಕರೆಯಬೇಕಾಗಿದ್ದವರು ಯಾರು?’ ಎಂದೂ ಕೇಳೋಣ. ಒಳ್ಳೆಯ ಕಾವ್ಯ ಇಂಥ ಪ್ರಶ್ನೆಗಳಿಗೆ ಅಂಜುವುದಿಲ್ಲ.