ಹರೆಯದ ಹೊಸ್ತಿಲಿಗೆ ಹೊಸ ಪುಸ್ತಕಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಳೆಯರಿಗೆ ಶಿಶುಗೀತೆಗಳು ಹೇಗೋ ದೊರೆಯುತ್ತವೆ. ಹನ್ನೆರಡು ತುಂಬಿತೆಂದರೆ ಕೈ ಬರಿದು. ಆ ಬಳಿಕ ಪರೀಕ್ಷೆಯ ಗೈಡೇ ಗ್ರಂಥ. ಈ ಕೊರತೆಯನ್ನು ತುಂಬಬಲ್ಲ ಕೆಲವು ಕೃತಿಗಳು ಇತ್ತೀಚೆಗೆ ಬಂದಿವೆ.

ಮೊದಲು ಹೆಸರಿಸತಕ್ಕುದು ಸುರಪುರದ ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ'. 2019ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿಯಿದು. ಜೇವರ್ಗಿಗೆ ಸುರಪುರ ದೂರವೇನಲ್ಲ. ಲೇಖಕನೆಂದರೆ ಬೆಂಗಳೂರಿನವನೇ ಎಂಬ ಭಾವನೆ ಮಕ್ಕಳಲ್ಲಿ ಇದರಿಂದ ಅಳಿದೀತು. ಅದೇ ಗೌರವಕ್ಕೆ 2021ರಲ್ಲಿ ಪಾತ್ರವಾದ ಬಸು ಬೇವಿನಗಿಡದ ಅವರ ಕಾದಂಬರಿ 'ಓಡಿ ಹೋದ ಹುಡುಗ'. ಹೆತ್ತವರೊಡನೆ ಪುಣೆ, ಮುಂಬಯಿಗಳ ದುಡಿಮೆಗೆ ಶಾಲೆ ತೊರೆದು ಹೋಗುವ ಮಕ್ಕಳಿರುವ ಸೀಮೆಯಲ್ಲಿ ಆ ಹೆಸರೇ ಓದುಗನನ್ನು ತಡೆದು ನಿಲ್ಲಿಸುತ್ತದೆ. ಹೆಸರು ಕಂಡು ಹಿರಿಯರು ಅಳುಕಬೇಕಾಗಿಲ್ಲ. ಕಾದಂಬರಿ ಭಾರವೆನಿಸಿದವರು 2025ರಲ್ಲಿ ಪುರಸ್ಕೃತವಾದ ಕೆ. ಶಿವಲಿಂಗಪ್ಪ ಹಂದಿಹಾಳರ 'ನೋಟ್‌ಬುಕ್' ಕಥೆಗಳಿಂದ ಆರಂಭಿಸಬಹುದು.

ಶರಣರ ಬಾಲಚರಿತೆಗಳ ವಿಷಯದಲ್ಲಿ ಮಾತ್ರ ಇಂತಹ ಸಮಾಧಾನವಿಲ್ಲ. ಆಡುನುಡಿಯಲ್ಲಿ ಅನುಭಾವವನ್ನು ಹೇಳಿದವರ ಬಾಳನ್ನು ದೀರ್ಘ ಸಮಾಸಗಳಲ್ಲಿ ಬಿಗಿಯುವುದೇಕೆ? ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಈ ಸೀಮೆಯದೇ. ಅವರು ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟ ಪ್ರಸಂಗವನ್ನು ಪವಾಡವೆಂದು ಮುಗಿಸಿದರೆ ರೈತನ ಮಗುವಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಆ ವರ್ಷ ಮನೆಯವರು ಏನನ್ನು ಉಂಡರು? ಆ ಪ್ರಶ್ನೆಯಿಂದಲೇ ತೊಡಗುವ ಪುಸ್ತಕವನ್ನು ಬರೆಯಲು ಈ ಸೀಮೆಯ ಶಿಕ್ಷಕರಿಗಿಂತ ತಕ್ಕವರು ಯಾರು?